ಚಕ್ರಕ್ಕೆ ಗಾಳಿ ತುಂಬಿದ ಪಶುವೈದ್ಯ ಡನ್‌ಲಪ್

ಕಾಗಿನೆಲೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳನ್ನು ಹೊತ್ತು ತರುವ ಲಾರಿಯಾಗಲಿ, ಕನಕದಾಸರ ನೆಲೆವೀಡನ್ನು ಕಾಣಲು ಕಾಗಿನೆಲೆಗೆ ಬರುವ ಯಾತ್ರಿಕರ ಕಾರಾಗಲಿ, ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರುವ ರಬ್ಬರ್ ಗಾಲಿಯ ಚಕ್ಕಡಿಯಾಗಲಿ ನೆಲವನ್ನು ಮುಟ್ಟುವುದು ಒಂದೇ ಬಗೆಯ ವಸ್ತುವಿನ ಮೂಲಕ. ಅದು ಗಾಳಿ ತುಂಬಿದ ಟೈರು. ಅದನ್ನು ಬಳಕೆಗೆ ತಂದು ಜಗತ್ತಿನ ಓಡಾಟದ ಗತಿಯನ್ನೇ ಬದಲಿಸಿದವರು ಯಂತ್ರಶಿಲ್ಪಿಯಲ್ಲ, ಕುದುರೆ, ದನಗಳಿಗೆ ಮದ್ದು ಕೊಡುತ್ತಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. ಹೆಸರು ಲೋಕವಿಖ್ಯಾತವಾದರೂ ಆ ಹೆಸರಿನ ಸಂಪತ್ತು ಅವರ ಪಾಲಿಗೆ ಬರಲಿಲ್ಲ.

ಒಕ್ಕಲು ಮನೆಯ ಮಗ

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಗ್ರಾಮದ ಒಕ್ಕಲು ಕುಟುಂಬದಲ್ಲಿ. ಎಡಿನ್‌ಬರೋದಲ್ಲಿ ಪಶುವೈದ್ಯಕೀಯ ಶಿಕ್ಷಣ ಮುಗಿಸಿ ಹಲವು ವರ್ಷ ಅಲ್ಲಿಯೇ ವೃತ್ತಿ ನಡೆಸಿದರು. 1867ರಲ್ಲಿ ಐರ್ಲೆಂಡಿಗೆ ತೆರಳಿ, ಡೌನ್‌ಪ್ಯಾಟ್ರಿಕ್ ಪಟ್ಟಣದಲ್ಲಿ ಸಹೋದರನೊಡನೆ ಚಿಕಿತ್ಸಾಲಯ ತೆರೆದರು. ಮುಂದೆ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟ್‌ನಲ್ಲಿ ನೆಲೆ ನಿಂತರು. 1880ರ ದಶಕದ ಮಧ್ಯದ ವೇಳೆಗೆ ಅವರ ಚಿಕಿತ್ಸಾಲಯ ಐರ್ಲೆಂಡಿನ ದೊಡ್ಡ ಪಶು ಚಿಕಿತ್ಸಾಲಯಗಳಲ್ಲೊಂದೆಂದು ಹೆಸರಾಗಿತ್ತು.

ಅಂದಿನ ಬೆಲ್‌ಫಾಸ್ಟ್‌ನ ಬೀದಿಗಳಿಗೆ ಕಲ್ಲು ಹಾಸಿತ್ತು. ಕಬ್ಬಿಣದ ಪಟ್ಟಿ ಬಿಗಿದ ಗಾಲಿಗಳು, ಗಟ್ಟಿ ರಬ್ಬರಿನ ಸೈಕಲ್ ಗಾಲಿಗಳು ಆ ಕಲ್ಲುಗಳ ಮೇಲೆ ಕುಲುಕುತ್ತ ಸಾಗುತ್ತಿದ್ದವು. ಬಾಲಕನಾಗಿದ್ದ ಮಗನ ಮೂರು ಗಾಲಿಯ ಸೈಕಲ್ ಸವಾರಿಯನ್ನು ಸುಗಮಗೊಳಿಸುವ ಯೋಚನೆ ತಂದೆಯಲ್ಲಿ ಮೂಡಿದ್ದು 1887ರ ಅಕ್ಟೋಬರಿನಲ್ಲಿ.

ಅಂಗಳದ ಪ್ರಯೋಗ

ಡನ್‌ಲಪ್ ಮರದ ಬಿಲ್ಲೆಯೊಂದರ ಸುತ್ತ ತೆಳು ರಬ್ಬರಿನ ಕೊಳವೆ ಸುತ್ತಿ, ಬಟ್ಟೆಯಿಂದ ಬಿಗಿದು, ಕಾಲ್ಚೆಂಡಿಗೆ ಬಳಸುವ ಪಂಪಿನಿಂದ ಗಾಳಿ ತುಂಬಿದರು. ಬಳಿಕ ಅದನ್ನೂ ಸೈಕಲ್ಲಿನ ಹಳೆಯ ಗಾಲಿಯನ್ನೂ ಅಂಗಳದಲ್ಲಿ ಉರುಳಿಬಿಟ್ಟರು. ಹಳೆಯ ಗಾಲಿ ಅಂಗಳದ ಕೊನೆ ಮುಟ್ಟುವ ಮೊದಲೇ ಬಿದ್ದುಹೋಯಿತು. ಗಾಳಿ ತುಂಬಿದ ಬಿಲ್ಲೆಯಾದರೋ ಅಂಗಳವನ್ನು ದಾಟಿ, ಬಾಗಿಲ ಕಂಬಕ್ಕೆ ಬಡಿದು ಪುಟಿಯಿತು. ಭಾರ ಹೊರಬೇಕಾದದ್ದು ರಬ್ಬರಲ್ಲ, ಅದರೊಳಗಿನ ಗಾಳಿ ಎಂಬುದು ಅಂದು ಸಿದ್ಧವಾಯಿತು. ರಬ್ಬರು ಗಾಳಿಯನ್ನು ಹಿಡಿದಿಡುವ ಪಾತ್ರೆ ಮಾತ್ರ.

1888ರ ಫೆಬ್ರವರಿ 28ರ ರಾತ್ರಿ ಮಗನ ಸೈಕಲ್ಲಿಗೆ ಹೊಸ ಟೈರುಗಳು ಏರಿದವು. ಅದೇ ವರ್ಷದ ಡಿಸೆಂಬರ್ 7ರಂದು ಪೇಟೆಂಟ್ ದೊರೆಯಿತು. 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ರೀಡಾಕೂಟದಲ್ಲಿ ವಿಲಿ ಹ್ಯೂಮ್ ಎಂಬ ಸವಾರ ಈ ಟೈರುಗಳ ಸೈಕಲ್ ಏರಿ ಸ್ಪರ್ಧಿಸಿದ ನಾಲ್ಕೂ ಪಂದ್ಯಗಳನ್ನು ಗೆದ್ದಾಗ ದಪ್ಪ ಗಾಲಿಗಳನ್ನು ಹಾಸ್ಯ ಮಾಡಿದ್ದವರು ಮೌನವಾದರು.

ಹೆಸರು ಉಳಿಯಿತು, ಹಕ್ಕು ಉಳಿಯಲಿಲ್ಲ

ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷ, ಉದ್ಯಮಿ ಹಾರ್ವಿ ಡು ಕ್ರೋ ಈ ಆವಿಷ್ಕಾರದ ಬೆಲೆಯನ್ನು ಬೇಗನೆ ಅರಿತರು. 1889ರಲ್ಲಿ ಡಬ್ಲಿನ್‌ನಲ್ಲಿ ಕಂಪನಿ ಸ್ಥಾಪನೆಯಾಯಿತು. ಪೇಟೆಂಟಿನ ಹಕ್ಕನ್ನು ಬಿಟ್ಟುಕೊಟ್ಟ ಡನ್‌ಲಪ್‌ಗೆ ಅದರಲ್ಲಿ ಪಾಲು ದೊರೆಯಿತು.

ಆದರೆ ಪೇಟೆಂಟ್ ದೊರೆತ ಎರಡು ವರ್ಷದೊಳಗೆ ಅದು ಅಸಿಂಧುವೆಂಬ ಸುದ್ದಿ ಬಂತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ತತ್ವಕ್ಕೆ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಚರ್ಮದ ಹೊದಿಕೆಯ ಅವರ ಗಾಲಿಗಳನ್ನು 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಉದ್ಯಾನದಲ್ಲಿ ಕುದುರೆ ಗಾಡಿಗೆ ಅಳವಡಿಸಿ ತೋರಿಸಲಾಗಿತ್ತು. ಸೈಕಲ್ಲಾಗಲಿ ಕಾರಾಗಲಿ ಇಲ್ಲದ ಆ ಕಾಲದಲ್ಲಿ ಅದನ್ನು ಕೇಳುವವರಿರಲಿಲ್ಲ. ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್‌ಗೆ ಆ ಹಳೆಯ ಪೇಟೆಂಟಿನ ಸುಳಿವು ಇರಲಿಲ್ಲ.

ಕಂಪನಿ ಉಳಿದುಕೊಂಡದ್ದು ಬೇರೆಯವರ ಪೇಟೆಂಟುಗಳಿಂದ. ಟೈರನ್ನು ಗಾಲಿಯ ಅಂಚಿನಲ್ಲಿ ಕೂರಿಸಿ, ಬೇಕೆಂದಾಗ ಬಿಚ್ಚುವ ವಿಧಾನಗಳನ್ನು 1890ರಲ್ಲಿ ವೆಲ್ಚ್ ಮತ್ತು ಬಾರ್ಟ್‌ಲೆಟ್ ಬೇರೆ ಬೇರೆಯಾಗಿ ರೂಪಿಸಿದ್ದರು. ಆ ಹಕ್ಕುಗಳನ್ನು ಕಂಪನಿ ಕೊಂಡುಕೊಂಡಿತು. ಡನ್‌ಲಪ್ 1895ರಲ್ಲಿ ಕಂಪನಿಯಿಂದ ಹೊರಬಂದರು. ಮರುವರ್ಷವೇ ಅದು 30 ಲಕ್ಷ ಪೌಂಡ್‌ಗೆ ಮಾರಾಟವಾಗಿ, ಬಳಿಕ 50 ಲಕ್ಷ ಪೌಂಡ್ ಬೆಲೆಗೆ ಷೇರು ಮಾರುಕಟ್ಟೆಗೆ ಬಂತು. ಆ ಲಾಭದಲ್ಲಿ ಅವರಿಗೆ ದೊಡ್ಡ ಪಾಲು ಸಿಗಲಿಲ್ಲ.

ಸೈಕಲ್ಲಿನಿಂದ ಕಾರಿಗೆ, ಕಾರಿನಿಂದ ಸ್ಟೆಪ್ನಿಗೆ

ಫ್ರಾನ್ಸಿನ ಮಿಶೆಲಿನ್ ಸಹೋದರರು 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟದಲ್ಲಿ ಗಾಳಿ ಟೈರಿನ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್ ಆದರೂ ಕಾರಿಗೆ ಈ ಟೈರು ಒಗ್ಗುತ್ತದೆಂಬುದು ಸಾಬೀತಾಯಿತು. ಪಂಕ್ಚರ್ ಕಾಟಕ್ಕೆ ಪರಿಹಾರವಾಗಿ 1904ರಲ್ಲಿ ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಹೆಚ್ಚುವರಿ ಗಾಲಿಯೊಂದನ್ನು ರೂಪಿಸಿದರು. ಇಂದಿಗೂ ಹಾವೇರಿಯ ಗ್ಯಾರೇಜುಗಳಲ್ಲಿ ಕೇಳಿಬರುವ ಸ್ಟೆಪ್ನಿ ಎಂಬ ಪದ ಆ ಬೀದಿಯ ಹೆಸರೇ. ಮುಂದೆ ಇಡೀ ಗಾಲಿಯನ್ನೇ ನಟ್ಟು ಬಿಚ್ಚಿ ತೆಗೆಯುವ ಅನುಕೂಲ ಬಂದಾಗ, ಒಂದು ಗಾಲಿಯ ಜಾಗಕ್ಕೆ ಇನ್ನೊಂದನ್ನು ಕೂರಿಸುವುದು ಸುಲಭವಾಯಿತು.

ಸವೆತ ಹೇಳುವ ಸತ್ಯ

ಇಷ್ಟಾದರೂ ನಾಲ್ಕು ಟೈರುಗಳು ಒಂದೇ ಸಮನೆ ಸವೆಯುವುದಿಲ್ಲ. ಪ್ರತಿ ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲದಷ್ಟೇ ಜಾಗದಲ್ಲಿ. ನಾಲ್ಕು ಟೈರುಗಳ ಕೆಲಸವೂ ಒಂದೇ ಅಲ್ಲ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಭಾರ ಹೊರುವುದು, ಕಾರನ್ನು ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಒತ್ತಡ ತಾಳುವುದು ಇವೆಲ್ಲವೂ ಮುಂದಿನ ಎರಡು ಟೈರುಗಳ ಪಾಲಿಗೆ ಬಂದಿವೆ. ಆದ್ದರಿಂದ ಅವು ಹಿಂದಿನವುಗಳಿಗಿಂತ ಬೇಗ ಸವೆಯುತ್ತವೆ.

ಉಳಿದ ಕಾರಣಗಳನ್ನು ಟೈರೇ ತೋರಿಸಿಕೊಡುತ್ತದೆ. ಗಾಳಿ ಕಡಿಮೆಯಾದರೆ ಭಾರವೆಲ್ಲ ಎರಡೂ ಅಂಚುಗಳ ಮೇಲೆ ಬಿದ್ದು ಅಂಚುಗಳು ಸವೆಯುತ್ತವೆ. ಗಾಳಿ ಹೆಚ್ಚಾದರೆ ನಡುಭಾಗ ಬೋಳಾಗುತ್ತದೆ. ಗಾಲಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಒಂದೇ ಬದಿ ತೇಯುತ್ತದೆ. ಗಾಲಿಗಳ ಮೂತಿ ನೇರವಾಗಿಲ್ಲದಿದ್ದರೆ ಗೀರುಗಳ ಅಂಚು ಗರಗಸದಂತಾಗುವುದು ಕೈಯಾಡಿಸಿದಾಗ ತಿಳಿಯುತ್ತದೆ. ಶಾಕ್ ಅಬ್ಸಾರ್ಬರ್ ದಣಿದಿದ್ದರೆ ಅಲ್ಲಲ್ಲಿ ಕುಳಿಗಳು ಬೀಳುತ್ತವೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಟೈರುಗಳ ಸ್ಥಾನಪಲ್ಲಟ. ಸಾಮಾನ್ಯವಾಗಿ 8,000ದಿಂದ 10,000 ಕಿ.ಮೀ.ಗೊಮ್ಮೆ ಇದನ್ನು ಮಾಡುವುದು ವಾಡಿಕೆ. ಮುಂದಿನ ಗಾಲಿಗಳು ಎಳೆಯುವ ಕಾರಿನಲ್ಲಿ ಮುಂದಿನ ಟೈರುಗಳನ್ನು ಅದೇ ಬದಿಯಲ್ಲಿ ನೇರ ಹಿಂದಕ್ಕೂ, ಹಿಂದಿನವನ್ನು ಎಡ ಬಲ ಅದಲುಬದಲಾಗಿಸಿ ಮುಂದಕ್ಕೂ ಹಾಕುತ್ತಾರೆ. ಹಿಂದಿನ ಗಾಲಿಗಳು ತಳ್ಳುವ ವಾಹನದಲ್ಲಿ ಕ್ರಮ ಇದಕ್ಕೆ ವಿರುದ್ಧ. ತಿರುಗುವ ದಿಕ್ಕನ್ನು ಬಾಣದ ಗುರುತು ಸೂಚಿಸುವ ಟೈರುಗಳನ್ನು ಬದಿ ಬದಲಿಸಬಾರದು, ಮುಂದೆ ಹಿಂದೆ ಮಾತ್ರ ಮಾಡಬಹುದು. ಜಾಗ ಬದಲಾದ ಮೇಲೆ ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಕಾರಿನ ಕೈಪಿಡಿ ಸೂಚಿಸಿರುವ ಪ್ರಮಾಣಕ್ಕೆ ಗಾಳಿಯನ್ನು ಸರಿಪಡಿಸುವುದು ಅಗತ್ಯ.

ಆದರೆ ಸ್ಥಾನಪಲ್ಲಟ ಸವೆತವನ್ನು ಹಂಚುತ್ತದೆಯೇ ಹೊರತು ಅದರ ಕಾರಣವನ್ನು ನಿವಾರಿಸುವುದಿಲ್ಲ. ಗಾಲಿಯ ನೇರ್ಪು ಕೆಟ್ಟಿದ್ದರೆ ಹೊಸ ಜಾಗಕ್ಕೆ ಬಂದ ಟೈರೂ ಹಾಗೆಯೇ ಹಾಳಾಗುತ್ತದೆ. ಗೀರುಗಳ ಆಳ 1.6 ಮಿ.ಮೀ.ಗೆ ಇಳಿದಾಗ, ಅವುಗಳ ತಳದಲ್ಲಿರುವ ಪುಟ್ಟ ಉಬ್ಬುಗಳು ಹೊರಮೈಗೆ ಸಮವಾಗುತ್ತವೆ. ಆಗ ಟೈರನ್ನು ಬದಲಿಸಲೇಬೇಕು. ಮಳೆಗಾಲದ ಹೆದ್ದಾರಿಯಲ್ಲಿ ಬೋಳು ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ರಾಣೆಬೆನ್ನೂರು, ಹಾವೇರಿ ಮೂಲಕ ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿಯ ವೇಗದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಕೊನೆಯ ದಿನಗಳು

ಟೈರು ಉದ್ಯಮದಿಂದ ದೂರ ಸರಿದ ಡನ್‌ಲಪ್ ಡಬ್ಲಿನ್‌ನಲ್ಲಿ ಬಟ್ಟೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಪಾಲುದಾರರಾಗಿದ್ದರು. 1921ರ ಅಕ್ಟೋಬರ್ 23ರಂದು ಅಲ್ಲಿಯೇ ನಿಧನರಾದರು. ಗಾಳಿ ಟೈರಿನ ಕಥೆಯನ್ನು ಅವರೇ ಬರೆದಿಟ್ಟಿದ್ದ ಪುಸ್ತಕ ಅವರ ಮರಣಾನಂತರ ಪ್ರಕಟವಾಯಿತು.

ಅವರ ಹೆಸರನ್ನು ಹೊತ್ತ ಕಾರ್ಖಾನೆ 1936ರಲ್ಲಿ ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಟೈರು ತಯಾರಿಕೆಗೆ ಹೆಸರಾಯಿತು. ಅಲ್ಲಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್ ಸಮೂಹದ ಪಾಲಾಯಿತು. ಕಾಲಕ್ರಮದಲ್ಲಿ ಕಬ್ಬಿಣದ ಪಟ್ಟಿಯ ಚಕ್ಕಡಿಗಳಿಗೂ ರಬ್ಬರ್ ಗಾಲಿ ಬಂತು. ಅದೇ ಹೇರನ್ನು ಎಳೆಯಲು ಎತ್ತುಗಳು ಪಡಬೇಕಾದ ಶ್ರಮ ಇಳಿಯಿತು. ಜೀವನದ ಬಹುಭಾಗವನ್ನು ಮೂಕಪ್ರಾಣಿಗಳ ಆರೈಕೆಯಲ್ಲಿ ಕಳೆದ ವೈದ್ಯರ ಕೆಲಸ ಹೀಗೆ ಅವರು ಕಾಣದ ನಾಡಿನ ಎತ್ತುಗಳ ಹೆಗಲನ್ನೂ ಹಗುರಾಗಿಸಿತು.