ಟೊಪ್ಪಿಗೆಯ ಸೂಜಿ

ಮೂಲ್ಕಿಯ ಕಡೆಯಿಂದ ಶಾಂಭವಿಯ ಸೇತುವೆಯನ್ನು ದಾಟಿ ಹೆಜಮಾಡಿಗೆ ಬರುತ್ತಲೇ ನಮ್ಮ ಹಳೆಯ ಫಿಯಟ್ ಎರಡು ಬಾರಿ ಕೆಮ್ಮಿ ನಿಂತುಬಿಟ್ಟಿತು. ಕರೆಸಿದ ಮೆಕ್ಯಾನಿಕ್ ಪ್ಲಗ್ಗೊಂದನ್ನು ಕಳಚಿ, ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು, ನನ್ನಿಂದ ಸ್ಟಾರ್ಟರ್ ತಿರುಗಿಸಿದನು. ನೀಲಿ ಕಿಡಿ ಹಾರಿತು. ಪ್ಲಗ್ಗಿನ ತುದಿ ಒಣಗಿ ಬೆಳ್ಳಗಿತ್ತು. ದೋಷ ಕಿಡಿಯದಲ್ಲ, ಪೆಟ್ರೋಲಿನದೆಂದು ನಿರ್ಣಯಿಸಿ ಅವನು ಕಾರ್ಬ್ಯುರೇಟರಿಗೆ ಕೈಯಿಕ್ಕಿದನು. ಆಗ ನನಗೆ ಬರ್ತಾ ಬೆಂಜಳ ನೆನಪಾಯಿತು.

ಆಕೆ 1849ರಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ ಹುಟ್ಟಿದಳು. 1872ರಲ್ಲಿ ಕಾರ್ಲ್ ಬೆಂಜನ ಕೈಹಿಡಿಯುವ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಅವನ ಕಾರ್ಖಾನೆಗೆ ಸುರಿದಿದ್ದಳು. 1886ರಲ್ಲಿ ಅವನ ಮೂರು ಗಾಲಿಯ ಬಂಡಿಗೆ ಪೇಟೆಂಟ್ ದೊರೆಯಿತು. ಕೊಳ್ಳುವವರು ಮಾತ್ರ ದೊರೆಯಲಿಲ್ಲ. ಸಂಸಾರದ ಬಾಳೆಲ್ಲ ಆ ಬಂಡಿಯ ಮೇಲೆ ನಿಂತಿತ್ತು.

1888ರ ಆಗಸ್ಟಿನ ಒಂದು ಬೆಳಗ್ಗೆ ಗಂಡನಿಗೆ ತಿಳಿಸದೆಯೇ, ಹರೆಯಕ್ಕೆ ಕಾಲಿಡುತ್ತಿದ್ದ ಮಕ್ಕಳಾದ ಓಯ್ಗೆನ್ ಮತ್ತು ರಿಚರ್ಡರನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ತವರಿಗೆ ಹೊರಟೇಬಿಟ್ಟಳು. ದಾರಿ ನೂರು ಕಿಲೋಮೀಟರಿಗೂ ಮಿಕ್ಕುದು. ಅಷ್ಟು ದೂರ ಅದುವರೆಗೆ ಯಾವ ಮೋಟಾರು ಬಂಡಿಯೂ ಸಾಗಿರಲಿಲ್ಲ. ಇಂಧನ ಮುಗಿದಾಗ ವೀಸ್‌ಲೋಖ್‌ನ ಔಷಧಿಯಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡಳು. ಮುಂದೆ ಇಂಧನದ ಕೊಳವೆ ಕಟ್ಟಿತು. ಟೊಪ್ಪಿಗೆಯ ಸೂಜಿಯನ್ನು ತೂರಿಸಿ ಬಿಡಿಸಿದಳು. ಮತ್ತೊಮ್ಮೆ ಕಿಡಿಯ ತಂತಿಯ ಹೊದಿಕೆ ಸವೆದು ವಿದ್ಯುತ್ತು ಕಬ್ಬಿಣಕ್ಕೆ ಸೋರಿತು. ಕಾಲುಚೀಲ ಬಿಗಿಯುವ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದಳು. ಈ ಉಪಾಯಗಳನ್ನು ನಗುತ್ತ ಹೇಳುವುದು ವಾಡಿಕೆ. ನನಗೆ ಬೆರಗೆನಿಸುವುದು ಅದಲ್ಲ. ಇಂಧನ ಬಾರದಿದ್ದರೂ ಕಿಡಿ ಹಾರದಿದ್ದರೂ ಎಂಜಿನ್ ನಿಲ್ಲುವುದು ಒಂದೇ ಬಗೆಯಲ್ಲಿ. ಯಾವ ಶಾಲೆಯಲ್ಲಿಯೂ ಯಂತ್ರವಿದ್ಯೆ ಕಲಿಯದ ಆಕೆ ಎರಡನ್ನೂ ಬೇರ್ಪಡಿಸಿ ಅರಿತಳು.

ಏರುದಾರಿಯಲ್ಲಿ ಬಂಡಿಯನ್ನು ತಳ್ಳಬೇಕಾಯಿತು. ಬಾಷ್ಲಾಟ್‌ನಲ್ಲಿ ಮೋಚಿಯೊಬ್ಬನು ಬ್ರೇಕಿಗೆ ತೊಗಲು ಹೊಡೆದುಕೊಟ್ಟನು. ಕತ್ತಲಾಗುವ ಹೊತ್ತಿಗೆ ತವರು ಸೇರಿ ಗಂಡನಿಗೆ ತಂತಿ ಕಳುಹಿದಳು. ಏರಿಗಾಗಿ ಇನ್ನೊಂದು ಗಿಯರ್ ಬಂಡಿಗೆ ಸೇರಿದುದು ಆ ಪ್ರಯಾಣದ ತರುವಾಯ. ಕಾರ್ಲ್ 1929ರಲ್ಲಿ ತೀರಿಕೊಂಡನು. ಬರ್ತಾ 1944ರ ಮೇ 5ರಂದು, ತೊಂಬತ್ತೈದು ತುಂಬಿದ ಎರಡನೆಯ ದಿನ, ಲಾಡೆನ್‌ಬುರ್ಗ್‌ನಲ್ಲಿ ಕಣ್ಣುಮುಚ್ಚಿದಳು.

ಆಕೆಯನ್ನು ನೆನೆದು ನಾನು ಸೆರಗಿನ ಪಿನ್ನನ್ನು ತೆಗೆದು ಮೆಕ್ಯಾನಿಕನಿಗೆ ನೀಡಿದೆ. ಅವನು ಬೇಡವೆಂದನು. ಜೆಟ್ಟಿನ ರಂಧ್ರಕ್ಕೆ ಸೂಜಿ ತೂರಿಸಿದರೆ ಅದು ಹಿಗ್ಗಿ, ಪೆಟ್ರೋಲು ಹೆಚ್ಚಾಗಿ, ಪ್ಲಗ್ಗು ಮಸಿ ಹಿಡಿಯುವುದಂತೆ. ಬಾಯಿಂದಲೇ ಊದಿ, ಬೆಳಕಿಗೆ ಹಿಡಿದು ನೋಡಿ, ಜೆಟ್ಟನ್ನು ತಿರುಗಿಸಿ ಕೂರಿಸಿದನು. ಗಾಡಿ ಹೊರಟಿತು.