ಜಾರ್ಖಂಡ್ ಕೇಳಿದ ಹಾಕಿ ಕ್ಯಾಪ್ಟನ್

ಹಾಕಿ ಅಂದ್ರೆ ನಮಗೆಲ್ಲ ಧ್ಯಾನ್‌ಚಂದ್. ಆದರೆ 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತ ಮೊದಲ ಒಲಿಂಪಿಕ್ ಚಿನ್ನ ಗೆದ್ದ ತಂಡದ ಕ್ಯಾಪ್ಟನ್ ಜೈಪಾಲ್ ಸಿಂಗ್, ರಾಂಚಿ ಕಡೆಯ ಮುಂಡಾ ಬುಡಕಟ್ಟಿನವರು. ಫೈನಲ್‌ಗೆ ಮುಂಚೆಯೇ ತಂಡ ಬಿಟ್ಟು ಹೋದ್ರು, ಅದು ಬೇರೆ ಕಥೆ.

1903ರಲ್ಲಿ ಖೂಂಟಿ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಮಿಷನರಿಗಳ ನೆರವಿನಿಂದ ಆಕ್ಸ್‌ಫರ್ಡ್‌ನಲ್ಲಿ ಓದಿದರು. 1939ರಲ್ಲಿ ಆದಿವಾಸಿ ಮಹಾಸಭೆಯ ಅಧ್ಯಕ್ಷರಾದರು. ಕಾಡು, ಗಣಿ ಎಲ್ಲಾ ಇಲ್ಲಿ, ಅಧಿಕಾರ ಮಾತ್ರ ಪಟ್ನಾದಲ್ಲಿ ಅನ್ನೋದೇ ಅಲ್ಲಿನ ಜನರ ಸಂಕಟ. 1952ರ ಚುನಾವಣೆಯಲ್ಲಿ ಅವರ ಜಾರ್ಖಂಡ್ ಪಾರ್ಟಿ ಬಿಹಾರದ ಮುಖ್ಯ ವಿರೋಧ ಪಕ್ಷವೇ ಆಯ್ತು.

ಕನ್ನಡ ಪ್ರದೇಶಗಳನ್ನು ಒಂದುಗೂಡಿಸಲು ಶಿಫಾರಸು ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗವೇ 1955ರಲ್ಲಿ ಜಾರ್ಖಂಡ್‌ಗೆ ಆಗಲ್ಲ ಅಂದಿತು. ಮುಂಡಾರಿ, ಸಂತಾಲಿ, ಹೋ, ಕುರುಖ್ ಅಂತ ಭಾಷೆ ಹಲವು. ಎಲ್ಲರನ್ನೂ ಬೆಸೆಯುವ ಒಂದು ಭಾಷೆ ಇಲ್ಲ, ಆದಿವಾಸಿಗಳು ಬಹುಸಂಖ್ಯಾತರೂ ಅಲ್ಲ ಅನ್ನೋದು ಕಾರಣ.

1963ರಲ್ಲಿ ಪಕ್ಷವನ್ನ ಕಾಂಗ್ರೆಸ್ಸಿಗೆ ಸೇರಿಸಿಬಿಟ್ರು. ಒಳಗಿದ್ದೇ ರಾಜ್ಯ ಪಡೀಬಹುದು ಅಂದುಕೊಂಡರೇನೋ. ತಾವೇ ಕಟ್ಟಿದ ಮನೆ ಕೆಡವಿದ ಹಾಗಾಯ್ತು, ಬೆಂಬಲಿಗರು ಚದುರಿದರು. 1970ರಲ್ಲಿ ತೀರಿಕೊಂಡರು.

ಜಾರ್ಖಂಡ್ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 15ಕ್ಕೆ, ಬಿರ್ಸಾ ಮುಂಡಾ ಜನ್ಮದಿನದಂದು. ಬಿಹಾರದ ಭಾಗ ಮಾತ್ರ ಸಿಕ್ತು. ಒಡಿಶಾ, ಬಂಗಾಳ, ಮಧ್ಯಪ್ರದೇಶದಲ್ಲಿ ಕೇಳಿದ್ದ ಜಿಲ್ಲೆಗಳು ಅದರಲ್ಲಿಲ್ಲ.