ಆಟಗಳನ್ನು ಮರಳಿ ಕಟ್ಟಿದ ಅರಸ

ಚಿಕ್ಕವನಿದ್ದಾಗ ಜಯಪುರದ ನಮ್ಮ ಮನೆಯಲ್ಲಿ ಟಿ.ವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ ಗೇಮ್ ಇತ್ತು. ಅದರಲ್ಲಿದ್ದ ‘ಬ್ಯಾಟಲ್ ಸಿಟಿ’ ಎಂಬ ಟ್ಯಾಂಕ್ ಆಟ 1985ರದ್ದು, ನನಗಿಂತ ಹಳೆಯದು. ಈಗ ಬಿಇ ಓದುತ್ತಾ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಅದನ್ನೇ ಹೊಸದಾಗಿ ಕೋಡ್ ಮಾಡುತ್ತಿದ್ದೇನೆ. ಮಾರುವುದಕ್ಕಲ್ಲ, ಬರೀ ಹುಚ್ಚಿಗೆ. ಯಾರೋ ಮಾಡಿಟ್ಟ ಆಟವನ್ನೇ ಮತ್ತೆ ಮಾಡಿದರೆ ಕೆಲಸ ಸಿಗುತ್ತದೆಯೇ ಎಂದು ರಜೆಯಲ್ಲಿ ಅಪ್ಪ ಕೇಳಿದರು. ಉತ್ತರ ಹೊಳೆಯಲಿಲ್ಲ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಓದಿದೆ.

ಅವರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಮಡಿದ ಮೇಲೆ, 1799ರಲ್ಲಿ, ಬ್ರಿಟಿಷರು ಐದು ವರ್ಷದ ಈ ಹುಡುಗನನ್ನು ಮೈಸೂರಿನ ಗಾದಿಗೆ ಕೂರಿಸಿದರು. ಆಡಳಿತ ನೋಡಿಕೊಂಡದ್ದು ದಿವಾನ್ ಪೂರ್ಣಯ್ಯ. 1810ರ ಹೊತ್ತಿಗೆ ಅಧಿಕಾರ ಅರಸರ ಕೈಗೆ ಬಂತು, ಇಪ್ಪತ್ತೇ ವರ್ಷದಲ್ಲಿ ಹೋಯಿತು. ನಮ್ಮ ಮಲೆನಾಡಿನ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದಿದ್ದರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅರಸರದ್ದು ತಪ್ಪೇ ಇರಲಿಲ್ಲ ಎಂದು ಮಲೆನಾಡಿನವನಾಗಿ ನಾನು ಹೇಳಲಾರೆ. ಆಗ ಅವರಿಗೆ 37. ಮುಂದೆ ಹೆಚ್ಚುಕಡಿಮೆ ಅಷ್ಟೇ ವರ್ಷ ಅವರು ಹೆಸರಿಗಷ್ಟೇ ರಾಜರಾಗಿ ಉಳಿದರು.

ರಾಜ್ಯ ಮರಳಿಸಿ ಎಂದು ಬ್ರಿಟಿಷರಿಗೆ ಬರೆಯುತ್ತಲೇ ಇದ್ದರು. ಜೊತೆಗೆ, ಹಳೆಯ ಆಟಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಗಂಜೀಫವನ್ನೇ ನೋಡಿ. ಕೈಯಲ್ಲೇ ಚಿತ್ರ ಬರೆದ ದುಂಡನೆಯ ಎಲೆಗಳ ಆಟ ಅದು. ದಶಾವತಾರ ಗಂಜೀಫದಲ್ಲಿ ಒಂದೊಂದು ಅವತಾರಕ್ಕೆ 12ರಂತೆ 120 ಎಲೆ. ಅರಸರು ಅದನ್ನು ಹಿಗ್ಗಿಸಿ ಹೊಸ ಆಟಗಳನ್ನೇ ಹೊಸೆದರು, 360 ಎಲೆಗಳವರೆಗೂ ಹೋದರು! ಅವನ್ನೆಲ್ಲ ‘ಶ್ರೀತತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ಯಲ್ಲಿ ಬರೆಸಿಟ್ಟರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನೂ ಹುಡುಕಿದರು. ಇದೇ ಲೆಕ್ಕವನ್ನು ನಾವು ಬ್ಯಾಕ್‌ಟ್ರ್ಯಾಕಿಂಗ್ ಕಲಿಯುವಾಗ ಕಂಪ್ಯೂಟರ್‌ಗೆ ಹೇಳಿ ಸುಮ್ಮನೆ ಕೂರುತ್ತೇವೆ. ಅವರ ಹತ್ತಿರ ಇದ್ದದ್ದು ಬರೀ ತಲೆ.

ಅವರ ಎಲೆಯಾಟಗಳು ಅರಮನೆ ದಾಟಿ ಜನರ ಜಗಲಿಗೆ ಅಷ್ಟಾಗಿ ಬರಲಿಲ್ಲ. 360 ಎಲೆ ಕಲೆಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ, ಬಿಡಿ. ಆದರೆ ಹಿಗ್ಗಿಸುವ ಮೊದಲು ಹಳೆಯ ಆಟದ ಒಂದೊಂದು ನಿಯಮವೂ ಯಾಕಿದೆ ಎಂದು ತಿಳಿದಿರಲೇಬೇಕು. ಬರೀ ಆಡುವವನಿಗೆ ಅದು ಬೇಕಿಲ್ಲ, ಮತ್ತೆ ಕಟ್ಟುವವನಿಗೆ ಬೇಕು. ಹತ್ತು ವರ್ಷ ಟ್ಯಾಂಕ್ ಓಡಿಸಿದ್ದ ನನಗೂ ಕೋಡ್ ಬರೆಯಲು ಕೂತ ಮೇಲೆಯೇ ಆ ಆಟ ಅರ್ಥವಾಗತೊಡಗಿದ್ದು. 1998ರ ‘ಹಾಫ್ ಲೈಫ್’ ಆಟವನ್ನು ಅದರ ಅಭಿಮಾನಿಗಳು ‘ಬ್ಲ್ಯಾಕ್ ಮೆಸಾ’ ಎಂದು ಮತ್ತೆ ಕಟ್ಟಿ 2012ರಲ್ಲಿ ಪುಕ್ಕಟೆ ಕೊಟ್ಟರು. ಮೂಲ ಕಂಪನಿಯೇ ಮಾರಲು ಒಪ್ಪಿಗೆ ಕೊಟ್ಟಿತು. ಕೆಲಸ ಪೂರ್ತಿಯಾದದ್ದು 2020ರಲ್ಲಿ. ಅಪ್ಪನಿಗೆ ಹೇಳಲು ಇದೊಂದು ಉದಾಹರಣೆ ಸಿಕ್ಕಿತು.

ಅರಸರು 1868ರಲ್ಲಿ ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ, ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ.

ನನ್ನ ಆಟದಲ್ಲಿ ಗುಂಡು ತಾಗಿದರೆ ಇಟ್ಟಿಗೆ ಗೋಡೆ ಇಡಿಯಾಗಿ ಮಾಯವಾಗುತ್ತಿದೆ. ಮೂಲದಲ್ಲಿ ಅದು ಚೂರುಚೂರೇ ಒಡೆಯುತ್ತಿತ್ತು. ಇವತ್ತು ರಾತ್ರಿ ಅದನ್ನು ಸರಿಮಾಡಬೇಕು.